ಗಾಜಿನಾಚೆಯ ಬಿಸಿಲು

ಡಿಸೆಂಬರ್ 9, ಬೆಳಿಗ್ಗೆ
ಮಾಳಿಗೆಯ ಮೇಲೆ ಅವ್ವ ಒಣಹಾಕಿದ ಮೆಣಸಿನಕಾಯಿಯ ನಡುವೆ ಒಂದು ಗುಬ್ಬಿ. ರೆಕ್ಕೆ ಅಗಲಿಸಿ ಮೈ ಕಾಯಿಸಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಕೆಳಗಿನಿಂದ ಕೂಗು — "ತ್ರಿವೇಣಿ, ಕಪ್ಪಾಗ್ತಿ, ಇಳಿ ಕೆಳಗ!"
ಎಂ.ಎ. ಮುಗಿದ ಮೇಲೆ ಮನೆ ಬಿಟ್ಟು ಹೊರಬಿದ್ದದ್ದೇ ಕಡಿಮೆ. ಮೆಟ್ಟಿಲು ಹತ್ತಿದರೆ ತೊಡೆನೋವು. ಸದಾ ಸುಸ್ತು. ಸೋಮಾರಿ ಎಂಬ ಬಿರುದು ಬೇರೆ.
ಕಮಲಾಪುರದ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿದೆ. ಜನವರಿಗೆ ಸೇರಬೇಕು. ಅವ್ವ ಒಪ್ಪುತ್ತಿಲ್ಲ. "ಬಸ್ ಇಳಿದು ಆ ಬಿಸಲಾಗ ದಿನಾ ನಡೀತಿ? ನಾಳೆ ನಿನ್ನ ಯಾರ ಲಗ್ನ ಆಗ್ತಾರ?"

ಡಿಸೆಂಬರ್ 11
ಸುಸ್ತಿಗೆಂದು ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ವಿಟಮಿನ್ ಡಿ ತೀರಾ ಕಡಿಮೆ. ಎಲುಬು, ಸ್ನಾಯು ಎರಡಕ್ಕೂ ಅದು ಬೇಕಂತೆ. ಲೇಡಿ ಡಾಕ್ಟರ್ ನಕ್ಕರು — "ಕಲಬುರಗಿಯಾಗ ಇದ್ದು ಬಿಸಲಿಗೆ ಬರ ಬಂದದಲ್ರೀ!"
ವಾರಕ್ಕೊಂದು ಗುಳಿಗೆ, ದಿನಾ ಸ್ವಲ್ಪ ಬಿಸಿಲು.
ಅಂದರೆ ನಾನು ಸೋಮಾರಿಯಲ್ಲ! ಕಾಯಿಲೆ ಇದೆ ಎಂದು ಇಷ್ಟು ಖುಷಿಪಟ್ಟವರು ಯಾರಾದರೂ ಇದ್ದಾರೋ...

ಡಿಸೆಂಬರ್ 12
ಅವ್ವನ ಉಪಾಯ — ಗಾಜಿನ ಕಿಟಕಿ ಮುಚ್ಚಿ, ಒಳಗೆ ಬಿದ್ದ ಬಿಸಿಲಿನಲ್ಲಿ ಚಾಪೆ. "ಬಿಸಲೂ ಸಿಕ್ತು, ಬಣ್ಣಾನೂ ಉಳೀತು." ಬಿಸಿಲು ಸರಿದಂತೆ ನಾನೂ ಚಾಪೆಯೂ ಸರಿದೆವು. ಅಡುಗೆಮನೆಯ ಬಾಗಿಲವರೆಗೆ.

ಡಿಸೆಂಬರ್ 28
ಪಕ್ಕದ ಮನೆಯ ಲತೀಫಾ ಚಾಚಿ ಬಂದವರು ಚಾಪೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಬೇಟಿ, ಗಾಜಿನಾಗಿಂದ ಬಂದ ಬಿಸಲಿಗೆ ವಿಟಮಿನ್ ಬರಂಗಿಲ್ಲ! ನಾನೂ ಹಿಂಗೇ ಕುಂತು ಡಾಕ್ಟರ್ ಕಡಿಂದ ಬೈಸ್ಕೊಂಡೀನಿ."
"ಖರೇನೇನ್ರೀ?" — ಅವ್ವ.
"ಖರೇನ. ನಿಮ್ಮ ಮೊಣಕಾಲು ನೋವು ಹೆಂಗದ? ನೀವೂ ಟೆಸ್ಟ್ ಮಾಡಸ್ರಿ."
ಅವ್ವ ಕಾಲುಗಳನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡಳು.

ಜನವರಿ 2
ಅವ್ವನ ರಿಪೋರ್ಟ್. ನನಗಿಂತಲೂ ಕಡಿಮೆ!
"ವಯಸ್ಸಾತು ಅಂತ ಸುಮ್ಮನಿದ್ನಲ್ಲ..." ಎಂದಳು. ಆಮೇಲೆ ತಾನೇ ಮೇಲೆ ಹೋಗಿ ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಚಾಚಿಯನ್ನೂ ಕರೆದಳು. ಮೂವರೂ ಬಟ್ಟೆಯ ತೋಳು ಮೇಲಕ್ಕೆ ಮಡಚಿ ಕುಳಿತೆವು.
"ಯಾರರ ಮ್ಯಾಲ ಬಂದ್ರ?" — ಅವ್ವ.
"ಬರಲಿ. ಮೆಣಸಿನಕಾಯಿ ತಯಾರದ" — ಚಾಚಿ.

ಜನವರಿ 5, ಸಂಜೆ
ಅವ್ವ ಹೊಸ ಕೊಡೆ ತಂದು ಚೀಲದ ಪಕ್ಕ ಇಟ್ಟಳು. ಮುಖ ನೋಡದೆ ಹೇಳಿದಳು — "ನಾಳೆ ಕಮಲಾಪುರದಾಗ ಇಳಿದ ಕೂಡ್ಲೆ ಬಿಚ್ಚಬೇಕು, ನೋಡು."
ನಾಳೆ! ಕಮಲಾಪುರ! "ಹ್ಞೂಂ" ಎಂದೆ. ಕೊಡೆಯನ್ನು ಚೀಲದ ತಳಕ್ಕೆ ಹಾಕಿದೆ. ಅದರ ಮೇಲೆ ಪುಸ್ತಕ, ಅದರ ಮೇಲೆ ಬುತ್ತಿ. ಶಾಲೆ ಮುಟ್ಟುವವರೆಗೆ ಬಿಚ್ಚುವುದಿಲ್ಲ. ಬೇಸಿಗೆ ಬರಲಿ, ಆಮೇಲೆ —