ಗೊತ್ತಿರುವ ದೋಷಗಳು

ಚಿಕ್ಕಪ್ಪ,

ನಿಮ್ಮ ಸ್ವೆಟರ್ ಸರ್ವರ್ ಕೋಣೆಯ ಮೊಳೆಯಲ್ಲೇ ಇದೆ. ಅಲ್ಲಿನ ಎ.ಸಿ. ಚಳಿಗೆ ಈಗ ನಾನೇ ಅದನ್ನು ಹಾಕಿಕೊಂಡು ಕೂರುತ್ತೇನೆ. ತೋಳು ಮಡಚಿದರೂ ಬೆರಳು ಕಾಣುವುದಿಲ್ಲ.

ನಾಲ್ಕು ಬೀದಿಗಳಿಗೆ ಇಂಟರ್ನೆಟ್ ಕೊಡುವ ಈ ಪುಟ್ಟ ಸಂಸ್ಥೆಯನ್ನು ಕಟ್ಟಿದವರು ನೀವು. ಇಮೇಲ್ ಸರ್ವರಿಗೆ ಹೊಸ ತಂತ್ರಾಂಶ ಆರಿಸುವ ದಿನ ನಾವಿಬ್ಬರೂ ಜಗಳವಾಡಿದ್ದು ನೆನಪಿದೆಯಲ್ಲ? ನಿಮ್ಮ ಆಯ್ಕೆ, ನನ್ನ ಆಯ್ಕೆ ಎರಡೂ ಮುಕ್ತ ತಂತ್ರಾಂಶಗಳೇ. ಯಾರು ಬೇಕಾದರೂ ಒಳಗೆ ಇಣುಕಿ ತಿದ್ದಬಹುದು. ನನ್ನದರ ಕೈಪಿಡಿಯ ಮೊದಲ ಪುಟದಲ್ಲಿ ಸ್ವಾತಂತ್ರ್ಯದ ಬಗ್ಗೆ ಮೈ ಜುಮ್ಮೆನ್ನುವ ಘೋಷಣೆಯಿತ್ತು. ಅದನ್ನು ಕರಪತ್ರ ಮಾಡಿಸಿ ಕೌಂಟರಿನ ಗಾಜಿಗೂ ಅಂಟಿಸಿದ್ದೆ. ನೀವು ಕನ್ನಡಕ ಹಣೆಗೇರಿಸಿ, ನಿಮ್ಮದರ ಕೊನೆಯ ಪುಟಕ್ಕೆ ಹೋದಿರಿ. ‘ಗೊತ್ತಿರುವ ದೋಷಗಳು’ ಎಂದು ನಲವತ್ತೊಂದು ಸಾಲು.

“ಇಷ್ಟುದ್ದ ದೋಷದ ಪಟ್ಟಿ ಇರೋದನ್ನ ಯಾರಾದ್ರೂ ಆರಿಸ್ತಾರಾ?” ಎಂದು ನಕ್ಕಿದ್ದೆ.

“ಎಲ್ಲಿ ಕೈ ಕೊಡ್ತೀನಿ ಅಂತ ಇದು ಮೊದಲೇ ಹೇಳ್ಬಿಟ್ಟಿದೆ ಕಣೆ. ನಿಂದು ನಿನ್ನ ಥರಾನೇ, ಬರೀ ಭಾಷಣ,” ಎಂದಿರಿ. ಆಮೇಲೆ, “ಹೋಗ್ಲಿ, ನಿಂದನ್ನೇ ಹಾಕು ತಾಯಿ,” ಎಂದು ಬಿಟ್ಟುಕೊಟ್ಟಿರಿ.

ಹಾಕಿದೆ. ಹನ್ನೊಂದು ದಿನ ದೊಡ್ಡ ಇಮೇಲುಗಳೆಲ್ಲ ಸದ್ದಿಲ್ಲದೆ ಮಾಯವಾದವು. ಕಳಿಸಿದವರಿಗೂ ಸುಳಿವಿಲ್ಲ, ಕಾದವರಿಗೂ ಇಲ್ಲ. ಎದುರು ಮನೆಯ ಟೈಲರ್ ಅಕ್ಕ ಕೌಂಟರಿಗೆ ಬಂದು, “ಮಗೂದು ಫೋಟೋ ಕಳಿಸ್ತೀನಿ ಅಂದಿದ್ಲು ಮಗಳು. ಬರ್ಲೇ ಇಲ್ಲ. ಮುನಿಸೇನೋ ಅಂತ ನಾನೂ ಫೋನ್ ಮಾಡ್ಲಿಲ್ಲ,” ಎಂದರು. ಆಗ ನನ್ನ ಬಾಯಿಂದ ಬಂದದ್ದು: “ಚಿಕ್ಕಪ್ಪನ ಕಾಲದ ಹಳೇ ಮಷೀನು ಅಕ್ಕಾ, ಏನ್ ಮಾಡೋದು.”

ನೀವು ಬಾಗಿಲ ಹಿಂದೆಯೇ ಇದ್ದಿರಿ. ಸ್ವೆಟರ್ ಬಿಚ್ಚಿ ಮೊಳೆಗೆ ಹಾಕಿ ಹೊರಟಿರಿ. ಮತ್ತೆ ಬರಲಿಲ್ಲ.

ಈಗ ಸರ್ವರಿನಲ್ಲಿರುವುದು ನಿಮ್ಮ ತಂತ್ರಾಂಶ. ಸ್ವಾತಂತ್ರ್ಯದ ಬಗ್ಗೆ ಆಡಿದ ಒಂದು ಮಾತನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ, ಚಿಕ್ಕಪ್ಪ. ಆದರೆ ಎಲ್ಲವೂ ತೆರೆದಿರಬೇಕು ಎಂದು ಕೂಗುವವಳು ತನ್ನ ತಪ್ಪನ್ನು ಮಾತ್ರ ಮುಚ್ಚಿಟ್ಟಳಲ್ಲ! ನಿನ್ನೆ ಟೈಲರ್ ಅಕ್ಕನಿಗೆ ನಿಜ ಹೇಳಿದೆ. “ಮಷೀನಿಗೆ ಬಾಯಿಲ್ಲ, ಸರಿ. ನಿಮ್ಮ ಚಿಕ್ಕಪ್ಪಂಗೂ ಬಾಯಿಲ್ಲ ಅಂದ್ಕೊಂಡ್ಯೇನೇ?” ಎಂದು ಚೆನ್ನಾಗಿ ಉಗಿದರು.

ಗಾಜಿನ ಮೇಲಿದ್ದ ಕರಪತ್ರದ ಪಕ್ಕದಲ್ಲಿ ಇವತ್ತು ಇನ್ನೊಂದು ಹಾಳೆ ಅಂಟಿಸಿದ್ದೇನೆ. ‘ಗೊತ್ತಿರುವ ದೋಷಗಳು. ಒಂದು: ಇಮೇಲುಗಳನ್ನು ಕಳೆದುಹಾಕಿದ ತಂತ್ರಾಂಶವನ್ನು ಆರಿಸಿದ್ದು ನಾನು. ಎರಡು: ಆ ತಪ್ಪನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದೂ ನಾನೇ.’

ಮೂರನೆಯದರಿಂದ ಮುಂದಕ್ಕೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಳೆಯ ಪಕ್ಕದಲ್ಲಿ ದಾರ ಕಟ್ಟಿ ಪೆನ್ನು ನೇತುಹಾಕಿದ್ದೇನೆ. ಬಂದು ಬರೆಯಿರಿ.

ಅಲ್ಲಿಯವರೆಗೆ ನಿಮ್ಮ ಮೈ ಬೆಚ್ಚಗಿರಲಿ. ಸ್ವೆಟರನ್ನು ನಾಳೆ ಒಗೆದಿಡುತ್ತೇನೆ.

ನಿಮ್ಮ,
ಬರೀ ಭಾಷಣ