ಹಳೇ ಅಡ್ರೆಸ್ಸಿನ ಫೋನು

ಜೂನ್ 3, ಬೆಳಿಗ್ಗೆ 10
ಹೊಳವನಹಳ್ಳಿ ಬಸ್ ಸ್ಟಾಪಿನ ಕಟ್ಟೆ. ಪುಕ್ಕಟೆ ವೈಫೈ. ಪಾವಗಡದ ಹತ್ತಿರದ ರಾಯಚರ್ಲಿನಿಂದ ತಂಗಿ ಕೊಲ್ಲಾಪುರಮ್ಮನ ಮುಖ ಫೋನಿನಲ್ಲಿ ಬಂತು. ಲಕ್ವ ಹೊಡೆದು ಮಾತು ನಿಂತು ಎಂಟು ತಿಂಗಳು. ರೆಪ್ಪೆ ಒಂದು ಸಲ ಬಡಿದರೆ ಹೂಂ, ಎರಡು ಸಲಕ್ಕೆ ಉಹೂಂ. ಗಂಜಿ ಕುಡಿದೆಯಾ ಅಂದೆ. ಎರಡು. ಬೈದೆ. ಅವಳ ಸೊಸೆ ವೇದಾವತಿ ಚಮಚ ತಂದಳು. ನಾನು ನೋಡುತ್ತಿದ್ದರೇ ತಂಗಿ ಬಾಯಿ ತೆರೆಯುವುದು. ಮೊಂಡಿ.

ಜೂನ್ 9
ಮುಖ ಬರಲಿಲ್ಲ. ವೈಫೈ ರಿಪೇರಿಯ ಯುವರಾಜ್ ಸಿಕ್ಕಿದ.
"ಹಳೇ ಅಡ್ರೆಸ್‌ಗಳು ಮುಗ್ದೋದ್ವು ಕಣಜ್ಜಿ. ಎಲ್ಲಾ ಹೊಸ ಅಡ್ರೆಸ್‌ಗೆ ಹಾಕ್ಬುಟ್ರು. ನಿಂದು ಹಳೇದೇ ಐತೆ, ಅದ್ಕೇ ನಡೀತಿಲ್ಲ."
"ಮುಗ್ದೋಗಕ್ಕೆ ಅದೇನ್ ರಾಗಿನೇನ್ಲಾ?"
ನಕ್ಕ. ತನ್ನ ಫೋನು ಚಾಚಿದ. ಬೇಡವೆಂದೆ. ತಂಗಿಯನ್ನು ಬೈಯಲು ಇನ್ನೊಬ್ಬರ ಫೋನು ಯಾಕೆ...

ಜೂನ್ 10
ಕೊರಟಗೆರೆ. ಆಧಾರ್ ಮಾಡುವಲ್ಲಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿಗೆ ಅಡ್ರೆಸ್ ಹೊಸದು ಮಾಡಿಕೊಡು ಅಂದೆ.
"ಯಾವೂರಿಗ್ ಹೋದ್ರಜ್ಜಿ?"
"ಎಲ್ಲಿಗೂ ಹೋಗಿಲ್ಲ ಕಣಮ್ಮ. ಅದೇ ಮನೆ. ಅಡ್ರೆಸ್ ಮಾತ್ರ ಹೊಸದಾಗ್ಬೇಕು."
ಹುಡುಗಿ ನನ್ನ ಮುಖವನ್ನೇ ನೋಡಿದಳು. ಕೊನೆಗೆ 'ಬಸ್ ಸ್ಟಾಪ್ ಹಿಂಭಾಗ' ಎಂದು ಸೇರಿಸಿ ಹೆಬ್ಬೆಟ್ಟು ಒತ್ತಿಸಿದಳು. ಹದಿನೈದು ದಿನವಂತೆ.

ಜೂನ್ 14
ವೇದಾವತಿ ಫೋನು ಮಾಡಿದಳು. ಬರೀ ಮಾತಿನದು.
"ದೊಡ್ಡಮ್ಮ, ಅತ್ತೆ ಬಾಯಿ ಬಿಗಿ ಹಿಡಿದವ್ರೆ. ಎರಡು ಚಮಚ ಹೋದ್ರೆ ಜಾಸ್ತಿ. ಹತ್ತು ಗಂಟೆಯಾದ್ರೆ ಫೋನ್ನೇ ನೋಡ್ತಾರೆ."
ಫೋನನ್ನು ತಂಗಿಯ ಕಿವಿಗೆ ಇಡಿಸಿ ಬೈದೆ. ರೆಪ್ಪೆ ಬಡಿದಳೋ ಇಲ್ಲವೋ... ಫೋನಿನಲ್ಲಿ ಕೇಳಿಸುತ್ತದೆಯೇ?
ಯುವರಾಜ್ ಮತ್ತೆ ಫೋನು ಕೊಡಲು ಬಂದ. ಹನ್ನೊಂದು ದಿನಕ್ಕೆ ನಂದೇ ಸರಿಹೋಗುತ್ತೆ, ಹೋಗಲಾ ಅಂದೆ. ಕೊಬ್ಬು ನನಗೆ.

ಜೂನ್ 25
ಹೊಸ ಕಾರ್ಡು ಬಂತು. ಫೋನಿನ ಪಕ್ಕ ಇಟ್ಟುಕೊಂಡು ಕಟ್ಟೆ ಮೇಲೆ ಕೂತೆ. ಮುಖ ಬರಲಿಲ್ಲ. ಯುವರಾಜ್ ಕಾರ್ಡನ್ನು ತಿರುಗಿಸಿ ನೋಡಿದ.
"ಅಜ್ಜಿ... ಇದು ನಿನ್ ಮನೆ ಅಡ್ರೆಸ್. ನಾನ್ ಹೇಳಿದ್ದು ಫೋನಿನ ಇಂಟರ್‌ನೆಟ್ ಅಡ್ರೆಸ್. ಅದು ವೈಫೈಗೆ ಫೋನಿನ ಗುರುತು ಸಿಗಕ್ಕೆ ಇರೋ ಬರೀ ನಂಬರು."
ಈ ಸಲ ನಗಲಿಲ್ಲ. ಅವನ ಫೋನನ್ನು ನಾನೇ ಕೇಳಿದೆ.
ಮುಖ ಬಂತು. ಕೆನ್ನೆ ಒಳಗೆ ಹೋಗಿದೆ. ಗಂಜಿ ಕುಡೀತೀಯೇನೇ ಅಂದೆ. ಕಣ್ಣು ತೆರೆದೇ ಇತ್ತು. ಒಂದೂ ಇಲ್ಲ. ಎರಡೂ ಇಲ್ಲ. ನಾಳೆ ನಾನೇ ಬರ್ತೀನಿ ಕಣೇ ಅಂದೆ.

ಜೂನ್ 26, ಬೆಳಿಗ್ಗೆ 8
ಮಧುಗಿರಿ ಬಸ್ ಸ್ಟ್ಯಾಂಡು. ಪಾವಗಡದ ಬಸ್ಸಿಗೆ ಇನ್ನೂ ಅರ್ಧ ಗಂಟೆ. ವೇದಾವತಿಯ ಫೋನು. ಕುಡಿದಳಾ ಅಂದೆ. ಮತ್ತೆ ಕೇಳಿದೆ. "ಅತ್ತೆ ಬೆಳಗಿನ ಜಾವ ಹೋಗ್ಬುಟ್ರು ದೊಡ್ಡಮ್ಮ" ಅಂದಳು.