ಅರ್ಧ ಬೆಲೆಯ ವಿಮಾನ

ಕುಶಿಕಿನೊ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಹಾರುವಿನ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಈಗ ಹೇಗಿದೆ? ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ನಾನು ಹೊಲಿದು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತೀರೋ, ಅಥವಾ ಅದು ಇನ್ನೂ ಪೆಟ್ಟಿಗೆಯ ತಳದಲ್ಲೇ ಇದೆಯೋ? ಸೆಪ್ಟೆಂಬರಿನಲ್ಲಿ ಹಡಗಿನ ಫೋನಿನಲ್ಲಿ ಮಾತಾಡಿದಾಗ ನಿಮ್ಮ ದನಿ ಸಣ್ಣಗಾಗಿತ್ತು. ಅದು ಗಾಳಿಯ ಸದ್ದೋ, ನಿಮಗೇ ಮೈ ಹುಷಾರಿಲ್ಲವೋ ಎಂದು ಕೇಳುವಷ್ಟರಲ್ಲಿ ನಿಮ್ಮ ಸರದಿ ಮುಗಿದೇ ಹೋಯಿತು. ಈ ಸಲ ಟ್ಯೂನ ಚೆನ್ನಾಗಿ ಬೀಳುತ್ತಿದೆ ಎಂದು ಹಡಗಿನ ಕಂಪನಿಯವರು ಹೇಳಿದರು. ಮೀನಿನ ಜೊತೆ ನೀವೂ ಸ್ವಲ್ಪ ಮೈ ತುಂಬಿಕೊಂಡು ಬಂದರೆ ಸಾಕು. ಈ ಪತ್ರ ಕೇಪ್ ಟೌನಿನ ಏಜೆಂಟರ ಕಚೇರಿಯಲ್ಲಿ ನಿಮಗಾಗಿ ಕಾದಿರುತ್ತದೆ. ನಾವು ಮೂವರೂ ಚೆನ್ನಾಗಿದ್ದೇವೆ. ಹೀಗೆ ಮೂವರೂ ಎಂದು ಬರೆಯುವುದಕ್ಕೆ ನನಗೆ ನವೆಂಬರ್ ತನಕ ಬೇಕಾಯಿತು. ಎರಡು ನಿಮಿಷದ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಇವತ್ತು ಪಾತ್ರೆ ತೊಳೆಯುವುದನ್ನೂ ಬಿಟ್ಟು ಬರೆಯಲು ಕೂತಿದ್ದೇನೆ.

ಮಾವನ ವಿಷಯ. ನೀವು ಹಡಗು ಹತ್ತುವಾಗಲೇ ಅವರು ಮಾತು ಕಡಿಮೆ ಮಾಡಿದ್ದರು, ಅದು ನಿಮಗೆ ಗೊತ್ತು. ಅತ್ತೆ ಹೋದ ಮೇಲೆ ಮಿಜೊಬೆಯ ಮನೆ ಬಿಡಿಸಿ ಇಲ್ಲಿಗೆ ಕರೆತಂದಾಗ ಕಾರು ಇತ್ತು. ವಾರಕ್ಕೆ ಎರಡು ಸಲ ತಾವೇ ಓಡಿಸಿಕೊಂಡು, ಹಿಂದೆ ರಿಪೇರಿ ಕೆಲಸ ಮಾಡುತ್ತಿದ್ದ ವಿಮಾನ ನಿಲ್ದಾಣದ ಬೇಲಿಯ ತನಕ ಹೋಗಿ ಬರುತ್ತಿದ್ದರು. ಏಪ್ರಿಲ್‌ನಲ್ಲಿ ಕಣ್ಣಿನ ಡಾಕ್ಟರು ಹೇಳಿದ ಮೇಲೆ ಲೈಸೆನ್ಸ್ ವಾಪಸ್ ಕೊಟ್ಟುಬಿಟ್ಟರು. ನಾನು ಬಸ್ಸಿನ ವೇಳಾಪಟ್ಟಿ ಬರೆದು ಕೊಟ್ಟರೆ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು, ಒಂದು ಸಲವೂ ಹೋಗಲಿಲ್ಲ. ಆಮೇಲೆ ಇಡೀ ದಿನ ಟಿವಿಯ ಎದುರು ಕೂರುತ್ತಿದ್ದರು, ಟಿವಿ ಹಾಕುತ್ತಿರಲಿಲ್ಲ. ನಾನು ಬೆಳಿಗ್ಗೆ ಐದಕ್ಕೆ ಮೀನುವಡೆಯ ಕಾರ್ಖಾನೆಗೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ ಇಟ್ಟ ಅನ್ನ ಇಟ್ಟ ಹಾಗೇ ಇರುತ್ತಿತ್ತು. ಜೂನ್‌ನಲ್ಲಿ ಎರಡು ಸಲ ಒಲೆ ಆರಿಸಲು ಮರೆತರು. ಎರಡನೆಯ ಸಲ ಪಾತ್ರೆ ಸುಟ್ಟು, ಗೋಡೆ ಕಪ್ಪಾಗಿ, ಪಕ್ಕದ ನಕಜೊನೊ ಅಜ್ಜಿ ಓಡಿ ಬಂದು ಒಲೆ ಆರಿಸಿದಳು. ಇದನ್ನು ನಿಮಗೆ ಫೋನಿನಲ್ಲಿ ಹೇಳಲಿಲ್ಲ. ಸಮುದ್ರದ ಮಧ್ಯದಲ್ಲಿರುವ ನಿಮಗೆ ಹೇಳಿ ಏನು ಮಾಡಿಸಲಿ ಅನ್ನಿಸಿತು.

ಆಗಸ್ಟಿನಲ್ಲಿ, ಹಿರಿಯರ ಹಬ್ಬದ ರಜೆಯ ಮೊದಲ ದಿನ. ನೀವು ಕಳೆದ ರಜೆಯಲ್ಲಿ ಚಿಹಾರುವಿಗೆ ಕಂಪ್ಯೂಟರ್ ಕೊಡಿಸಿದಿರಲ್ಲ, ಅದರಲ್ಲಿ ಅವಳು ವಿಮಾನ ಹಾರಿಸುವ ಆಟ ಆಡುತ್ತಾಳೆ. ಆಟ ಎಂದರೆ ಅವಳಿಗೆ ಕೋಪ ಬರುತ್ತದೆ, ಸಿಮ್ಯುಲೇಟರ್ ಅನ್ನಬೇಕು. ಅದರ ಜೊತೆ ಬರುವ ವಿಮಾನಗಳಲ್ಲದೆ ಬೇರೆ ಬೇಕಾದರೆ ಒಂದೊಂದನ್ನೂ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಂತೆ. ಹಬ್ಬಕ್ಕೆ ರಿಯಾಯಿತಿ ಇತ್ತು. ಅವಳು ಕಿಟಕಿ ತೆರೆದಿಟ್ಟು ಯಾವುದೋ ಒಂದು ವಿಮಾನದ ಎಂಜಿನ್ ಶುರು ಮಾಡಿದ್ದಾಳೆ, ಜಗಲಿಯಲ್ಲಿದ್ದ ಮಾವ ಎದ್ದು ಹೋಗಿ ಬಾಗಿಲಲ್ಲಿ ನಿಂತು, "ಮಗೂ, ಅದನ್ನ ಹಾಗೆ ಉರಿಸಬೇಡ, ಒಳಗಿರೋದೆಲ್ಲ ಕರಗಿಹೋಗುತ್ತೆ" ಎಂದರಂತೆ. ಎರಡು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಚಿಹಾರು ಪಕ್ಕದಲ್ಲಿ ಕುರ್ಚಿ ಹಾಕಿದಳು. ನಾನು ಮಧ್ಯಾಹ್ನ ಬಂದಾಗ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಪರದೆ ನೋಡುತ್ತಿದ್ದರು. ಸಾಲು ಸಾಲು ವಿಮಾನಗಳ ಚಿತ್ರ, ಒಂದೊಂದರ ಮೂಲೆಗೂ ಅರ್ಧ ಬೆಲೆಯ ಕೆಂಪು ಚೀಟಿ.

ಸಂಜೆ ಅಂಗಡಿಯಲ್ಲಿ ಹಸಿ ಮೀನಿನ ಮೇಲೆ ಅದೇ ಚೀಟಿ ಕಂಡರೆ ನಿಮ್ಮಪ್ಪ ನನ್ನನ್ನು ಹೇಗೆ ನೋಡುತ್ತಿದ್ದರು ನೆನಪಿದೆಯೇ? "ಅರ್ಧ ಬೆಲೆ ಅಂದ್ರೆ ಅರ್ಧ ಹಳಸಿದೆ ಅಂತ" ಎಂದು ಮುಖ ತಿರುಗಿಸುತ್ತಿದ್ದ ಮನುಷ್ಯ. ಅವರು ಆ ಮೂರು ದಿನಗಳಲ್ಲಿ ಒಂಬತ್ತು ವಿಮಾನ ಕೊಂಡರು. ಚಿಹಾರುವನ್ನು ಮೂಲೆಯ ಅಂಗಡಿಗೆ ಕಳಿಸಿ ದುಡ್ಡು ತುಂಬಿದ ಕಾರ್ಡ್ ತರಿಸುವುದು, ಕೊಳ್ಳುವುದು, ಮತ್ತೆ ಕಳಿಸುವುದು. ಸಮುದ್ರದ ಮೇಲೆ ಇಳಿಯುವುದು ಒಂದು, ಗದ್ದೆಗೆ ಔಷಧಿ ಹೊಡೆಯುವುದು ಒಂದು, ನಾಲ್ಕು ಎಂಜಿನ್ನಿನ ಬೃಹದಾಕಾರದ್ದು ಒಂದು. ನಾನು ರೇಗಿದೆ. "ಮಾವ, ಅಗ್ಗಕ್ಕೆ ಸಿಗುತ್ತೆ ಅಂತ ಒಂಬತ್ತು ಬೇಕಾ?" ಎಂದರೆ, "ಒಂಬತ್ತು ವಿಮಾನ ನಿಲ್ಲಿಸೋಕೆ ಎಷ್ಟು ಜಾಗ ಬೇಕು ಗೊತ್ತೇನಮ್ಮ ನಿನಗೆ? ನಾನು ನಿನ್ನ ಅಡುಗೆಮನೇಲಿ ಒಂದಾದ್ರೂ ನಿಲ್ಲಿಸಿದೀನಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ದಿನ ಅನ್ನ ಮಿಗಲಿಲ್ಲ.

ಒಂಬತ್ತನೆಯದು ವೈಎಸ್-ಹನ್ನೊಂದು. ನಿಮ್ಮಪ್ಪ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ, ದ್ವೀಪಗಳಿಗೆ ಹೋಗುತ್ತಿದ್ದ ಆ ಎರಡು ಪ್ರೊಪೆಲ್ಲರಿನ ವಿಮಾನವೇ. ಪಟ್ಟಿಯ ಕೊನೆಯಲ್ಲಿತ್ತು, ಯಾರೂ ಕೊಳ್ಳುತ್ತಿರಲಿಲ್ಲವೇನೋ, ಅರ್ಧಕ್ಕಿಂತಲೂ ಕಡಿಮೆಗೆ ಇಳಿಸಿದ್ದರು. ಅದು ಪರದೆಯ ಮೇಲೆ ಬಂದಾಗ ಮಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಚಿಹಾರು ಎಂಜಿನ್ ಶುರು ಮಾಡಿದಳು. ಸ್ವಲ್ಪ ಹೊತ್ತು ಕೇಳಿ, "ಇದು ಅದಲ್ಲ" ಎಂದು ಎದ್ದು ಹೋಗಿಬಿಟ್ಟರು. ಚಿಹಾರು ಅತ್ತಳು. ತಾತನಿಗೆ ಖುಷಿಯಾಗಲೆಂದು ಅವಳೇ ಅದನ್ನು ಹುಡುಕಿ ತೋರಿಸಿದ್ದು. ಮುಗಿಯಿತು, ನಾಳೆಯಿಂದ ಮತ್ತೆ ಟಿವಿಯ ಎದುರು ಎಂದುಕೊಂಡೆ.

ಆದರೆ ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಭಾಗದಲ್ಲಿ ಬರೆಯುತ್ತಾ ಕೂತಿದ್ದರು. ಬಂದಾಗಲೂ ಬರೆಯುತ್ತಿದ್ದರು. ನಲವತ್ತೊಂದು ತಪ್ಪುಗಳ ಪಟ್ಟಿ. ಎಂಜಿನ್ನಿನ ಸದ್ದು ಹಾಗಲ್ಲ, ಕಿವಿ ಕತ್ತರಿಸುವ ಹಾಗೆ ಮೇಲೇರಬೇಕು. ಚುಕ್ಕಾಣಿ ಮಗುವಿನ ಆಟಿಕೆಯಂತೆ ತಿರುಗುತ್ತದೆ, ನಿಜವಾದದ್ದನ್ನು ತಿರುಗಿಸಿ ಪೈಲಟ್‌ಗಳ ತೋಳು ಊದಿಕೊಳ್ಳುತ್ತಿತ್ತು. ಎಂಜಿನ್ನಿನ ಹಿಂದೆ ಹೊಗೆಯ ಕಲೆಯೇ ಇಲ್ಲ, ಅಷ್ಟು ಸ್ವಚ್ಛವಾಗಿ ಅದನ್ನು ತೊಳೆದವರು ಯಾರು, ನಾವಂತೂ ಅಲ್ಲ. ಹೀಗೆ. "ಇದನ್ನ ಮಾಡಿದವನಿಗೆ ಕಳಿಸು" ಎಂದರು. ನಾನು ಕಂಪ್ಯೂಟರಿನಲ್ಲಿ ಬರೆದು ಕಳಿಸಿದೆ. ಮೂರು ವಾರ ಉತ್ತರವಿಲ್ಲ. ದಿನಕ್ಕೆ ನಾಲ್ಕು ಸಲ "ಬಂತಾ?" ಎಂದು ಕೇಳುತ್ತಿದ್ದರು.

ಕೊನೆಗೆ ಬಂದದ್ದು ಎರಡೇ ಸಾಲು. ಬರೆದವನು ದೇಶದ ಉತ್ತರ ತುದಿಯ ಒಬಿಹಿರೊದ ತೊಗಾಶಿ ಎಂಬವನು, ವಯಸ್ಸು ಮೂವತ್ತನಾಲ್ಕು. ಹಗಲು ದನದ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಯಂತ್ರ ರಿಪೇರಿ ಮಾಡುತ್ತಾನೆ, ಉಳಿದ ಹೊತ್ತಿನಲ್ಲಿ ಒಬ್ಬನೇ ನಾಲ್ಕು ವರ್ಷ ಕೂತು ಈ ವಿಮಾನ ಮಾಡಿದ್ದಾನೆ. ಇದೆಲ್ಲ ಆಮೇಲೆ ತಿಳಿದದ್ದು. ಆವತ್ತು ಬರೆದಿದ್ದದ್ದು, "ಅಗ್ಗಕ್ಕೆ ಕೊಂಡವರೇ ಹೆಚ್ಚು ತಪ್ಪು ಹುಡುಕುತ್ತಾರೆ. ನೀವು ಆ ವಿಮಾನವನ್ನು ಎಂದಾದರೂ ನೋಡಿದ್ದೀರಾ?" ಎಂದು. ಓದಿ ಹೇಳಲು ನನಗೆ ಹೆದರಿಕೆಯಾಯಿತು. ಮಾವ ಕೇಳಿಸಿಕೊಂಡು, "ಬರಿಯಮ್ಮ" ಎಂದು ಹೇಳಿ ಬರೆಸಿದರು: "ನಿಂತು ನೋಡುವುದಕ್ಕೆ ಪುರುಸೊತ್ತು ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಬಿಚ್ಚಿದ್ದೇನೆ, ತೊಳೆದಿದ್ದೇನೆ, ಜೋಡಿಸಿದ್ದೇನೆ. ಬಾಗಿಲಿನ ಹಿಡಿಕೆ ಮಾತ್ರ ನೀನು ಸರಿಯಾಗಿ ಮಾಡಿದ್ದೀಯ. ಅದನ್ನು ಅಷ್ಟು ಸರಿಯಾಗಿ ಮಾಡಿದವನು ಉಳಿದದ್ದನ್ನೂ ಮಾಡಬಲ್ಲ."

ಒಂದು ಗಂಟೆಯೊಳಗೆ ಫೋನ್ ಬಂತು. ಆ ಹುಡುಗನೇ. ಆ ವಾರವೇ ಆ ವಿಮಾನವನ್ನು ಅಂಗಡಿಯಿಂದ ತೆಗೆದುಹಾಕಬೇಕೆಂದಿದ್ದನಂತೆ. ಯಾರಿಗೂ ಬೇಡದ್ದಕ್ಕೆ ನಾಲ್ಕು ವರ್ಷ ಹಾಳು ಮಾಡಿದೆ ಎಂದು ಅವನ ಹೆಂಡತಿ ಕೂಡ ಹೇಳಿದ್ದಳಂತೆ. ಅಕ್ಟೋಬರ್ ಮಧ್ಯದಲ್ಲಿ ಒಂದು ಮೂಟೆ ಆಲೂಗೆಡ್ಡೆ, ಒಂದು ಕಂಪ್ಯೂಟರ್ ಹೊತ್ತುಕೊಂಡು ಅಷ್ಟು ದೂರದಿಂದ ನಮ್ಮ ಮನೆಗೆ ಬಂದ. ಮೂರು ದಿನ ಇದ್ದ. ಮೊದಲ ದಿನ ಮಾವ ಬಾಯಲ್ಲೇ ಎಂಜಿನ್ ಶುರು ಮಾಡಿ ತೋರಿಸಿದರು. ಮೊದಲು ನಾಲಗೆಯಲ್ಲಿ ಟಿಕ್ ಟಿಕ್ ಟಿಕ್, ಆಮೇಲೆ ಹೊಟ್ಟೆಯೊಳಗಿಂದ ಒಂದು ನರಳಾಟ, ಅದು ಏರಿ ಏರಿ ಮೂಗಿನಿಂದ ಹೊರಟಾಗ ನಕಜೊನೊ ಅಜ್ಜಿಯ ನಾಯಿ ಊಳಿಟ್ಟಿತು. ಅಜ್ಜಿ ಚಪ್ಪಲಿಯನ್ನೂ ಹಾಕದೆ ಓಡಿ ಬಂದು, "ಮಿತ್ಸುಯೊ, ಸಮೆಶಿಮಾ ಯಜಮಾನರಿಗೆ ಏನಾಯ್ತೇ, ಆಂಬುಲೆನ್ಸ್ ಕರೀಲಾ?" ಎಂದಳು. "ಬರೀ ಎಂಜಿನ್ ಶುರು ಮಾಡ್ತಿದಾರೆ ಅಜ್ಜಿ" ಎಂದೆ. ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದಳು.

ಎರಡನೆಯ ದಿನ ನಡೆದದ್ದನ್ನು ನೀವು ನೋಡಬೇಕಿತ್ತು. ತೊಗಾಶಿಯ ಹತ್ತಿರ ಎಲ್ಲೋ ಸಿಕ್ಕ ಹಳೆಯ ಧ್ವನಿಮುದ್ರಣ ಇತ್ತು, ಆದರೆ ಅದರ ವೇಗ, ಏರಿಳಿತ ಯಾವುದು ಸರಿ ಎಂದು ಅವನಿಗೆ ತಿಳಿದಿರಲಿಲ್ಲ. ಮಾವ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತರು. ಅವನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬದಲಿಸುತ್ತಾ ಹೋದ. "ಇನ್ನೂ ಸ್ವಲ್ಪ… ಇಲ್ಲ, ಜಾಸ್ತಿಯಾಯ್ತು… ಈಗ ಮಳೆ ಬಂದ ದಿನದ ಹಾಗಿದೆ… ಇನ್ನೂ ಒಂಚೂರು." ಒಂದು ಹಂತದಲ್ಲಿ ಮಾವ ಕೈ ಎತ್ತಿದರು. ಸದ್ದು ಹಾಗೇ ಮನೆ ತುಂಬಾ ಇತ್ತು, ಗಾಜಿನ ಬಾಗಿಲು ನಡುಗುತ್ತಿತ್ತು. ಅವರು ಎದ್ದು ಹಿತ್ತಲಿಗೆ ಹೋದರು. ತೊಗಾಶಿ ಹೆದರಿ ನನ್ನ ಮುಖ ನೋಡಿದ. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು, "ಹುಡುಗನಿಗೆ ಹಸಿವಾಗಿರುತ್ತೆ, ಬಡಿಸಮ್ಮ" ಎಂದರು. ಊಟದ ಮಧ್ಯೆ ಅವನ ಬಟ್ಟಲಿಗೆ ತಾವೇ ಮೀನು ಹಾಕಿ, "ನಿನ್ನ ಹೆಂಡತಿಗೆ ಹೇಳು, ನಾಲ್ಕು ವರ್ಷ ಹಾಳಾಗಿಲ್ಲ, ಸಮೆಶಿಮಾ ಹೇಳಿದ ಅಂತ" ಎಂದರು. ಅವನು ಬಟ್ಟಲು ಕೆಳಗಿಟ್ಟು ತಲೆ ಬಗ್ಗಿಸಿದವನು ತುಂಬ ಹೊತ್ತು ಎತ್ತಲೇ ಇಲ್ಲ.

ತಿದ್ದಿದ ವಿಮಾನ ಈ ತಿಂಗಳ ಮೊದಲ ತಾರೀಕು ಹೊರಗೆ ಬಂತು. ಮೊದಲೇ ಕೊಂಡವರಿಗೆಲ್ಲ ಪುಕ್ಕಟೆ. ಮಾಡಿದವರ ಹೆಸರು ಇರುವ ಕಡೆ ಸಮೆಶಿಮಾ ತೊಕಿಹಿರೊ, ಮೆಕ್ಯಾನಿಕ್ ಎಂದು ಬರೆದಿದ್ದಾನೆ. ಎಲ್ಲೆಲ್ಲಿಂದಲೋ ಜನ ಪ್ರಶ್ನೆ ಕಳಿಸುತ್ತಾರೆ, ಮಾವ ಉತ್ತರ ಬರೆಸುತ್ತಾರೆ. ಒಲೆಯ ಪಕ್ಕದಲ್ಲಿ ತಾವೇ ಒಂದು ಪಟ್ಟಿ ಅಂಟಿಸಿದ್ದಾರೆ: ಅನಿಲ ಬಂದ್, ನೀರು ಬಂದ್, ಬಾಗಿಲು. ಬೆಳಿಗ್ಗೆ ಒಂದೊಂದನ್ನೂ ಬೆರಳಿಟ್ಟು ತೋರಿಸಿ ಜೋರಾಗಿ ಹೇಳಿ ಪರೀಕ್ಷಿಸುತ್ತಾರೆ, ಹಳೆಯ ಕೆಲಸದಲ್ಲಿ ಮಾಡುತ್ತಿದ್ದಂತೆ. ಜೂನ್ ಆದ ಮೇಲೆ ಒಂದು ಸಲವೂ ಒಲೆ ಮರೆತಿಲ್ಲ.

ಈಗ ಇಬ್ಬರೂ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹಾರುತ್ತಾರೆ. ಹಾರಿಸುವುದು ಚಿಹಾರು, ಬೈಯುವುದು ತಾತ. ಎಲ್ಲಿಗೆ ಎಂದು ಕೇಳಿದರೆ ಮೊದಲು ಹೇಳಲಿಲ್ಲ. ಭೂಪಟದಲ್ಲಿ ಪೆನ್ಸಿಲ್ ಗೆರೆ ನೋಡಿ ತಿಳಿಯಿತು: ನಾಹಾ, ಮನಿಲಾ, ಸಿಂಗಾಪುರ, ಕೊಲಂಬೊ. ಆ ವಿಮಾನ ಒಂದೇ ಏಟಿಗೆ ಹೆಚ್ಚು ದೂರ ಹೋಗಲಾರದು, ಅದಕ್ಕೆ ಇಳಿದು, ಇಂಧನ ತುಂಬಿ, ಮತ್ತೆ ಏರಿ. ಗೆರೆಯ ತುದಿ ಕೇಪ್ ಟೌನ್. ನಿನ್ನೆ ಮಸ್ಕತ್ ತಲುಪಿದ್ದಾರೆ. ನೀವು ಮೊದಲ ಸಲ ಹಡಗು ಹತ್ತಿದ ದಿನ ಮಾವ ಹೇಳಿದ್ದನ್ನು ನೀವೇ ನನಗೆ ಹೇಳಿದ್ದಿರಿ: "ಕೈಗೆ ಎಣ್ಣೆ ಹತ್ತೋದೇ ಆದ್ರೆ ಅದು ವಿಮಾನದ ಎಣ್ಣೆ ಆಗಬೇಕಿತ್ತು." ಇಪ್ಪತ್ತೆರಡು ವರ್ಷ ಅವರು ನಿಮ್ಮ ಕೆಲಸದ ಬಗ್ಗೆ ಒಂದು ಮಾತು ಕೇಳಿದವರಲ್ಲ. ಮೊನ್ನೆ ಇಂಧನದ ಲೆಕ್ಕ ಹಾಕುತ್ತಾ, ತಲೆ ಎತ್ತದೆಯೇ, "ಅವನ ಹಡಗಿನ ಎಂಜಿನ್ನಿಗೆ ಎಷ್ಟು ಸಿಲಿಂಡರು?" ಎಂದರು. ನನಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ದಯವಿಟ್ಟು ಬರೆಯಿರಿ. ನನಗೆ ಬೇಡ, ಅವರ ಹೆಸರಿಗೇ ಬರೆಯಿರಿ. ಚೆನ್ನಾಗಿದ್ದೀರಾ ಎಂದೆಲ್ಲ ಬೇಕಾಗಿಲ್ಲ, ಎಂಜಿನ್ನಿನ ವಿಷಯವೇ ಬರೆಯಿರಿ, ಅವರು ಉಳಿದದ್ದನ್ನು ಓದಿಕೊಳ್ಳುತ್ತಾರೆ.

ಚಿಹಾರು ಎರಡು ಅಂಗುಲ ಬೆಳೆದಿದ್ದಾಳೆ, ಹೊಸ ಶಾಲಾ ಬೂಟು ಈಗಲೇ ಬಿಗಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅಲೆ ಸಣ್ಣದಾಗಿರಲಿ, ಬಲೆ ಭಾರವಾಗಿರಲಿ, ಸೊಂಟಕ್ಕೆ ಪಟ್ಟಿ ಇರಲಿ.

ನಿಮ್ಮ
ಮಿತ್ಸುಯೊ

ಮರೆತೆ. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಜುಲೈನಲ್ಲಿ ಕಳಿಸಿದ ಪೊಟ್ಟಣವೂ ಅದೇ ಏಜೆಂಟರ ಕಚೇರಿಯಲ್ಲಿ ಇರುತ್ತದೆ, ಎರಡೂ ನಿಮಗೆ ಒಟ್ಟಿಗೇ ಸಿಗುತ್ತವೆ. ಅದರಲ್ಲಿ ಒಳಂಗಿಗಳ ಕೆಳಗೆ ಒಂದು ಹಳದಿ ಲಕೋಟೆ ಇದೆ. ಮಾವನನ್ನು ವೃದ್ಧರ ಆರೈಕೆ ಮನೆಗೆ ಸೇರಿಸುವ ಅರ್ಜಿ, ಮಗನ ಸಹಿ ಬೇಕಿತ್ತು. ಒಲೆಯ ಘಟನೆ ನಡೆದ ವಾರ ನಾನೇ ತುಂಬಿಟ್ಟು, ಮುಂದಿನ ತಿಂಗಳ ಆ ಪೊಟ್ಟಣದಲ್ಲಿ ಸೇರಿಸಿದೆ. ಅವರಿಗೆ ಗೊತ್ತಿಲ್ಲ. ಸಹಿ ಮಾಡಬೇಡಿ. ಈ ಪತ್ರ ಓದುವ ಮೊದಲೇ ಸಹಿ ಮಾಡಿ ಅಂಚೆಗೆ ಹಾಕಿಬಿಟ್ಟಿದ್ದರೆ ಏಜೆಂಟರಿಗೆ ಹೇಳಿ ಇವತ್ತೇ ತಡೆಸಿ. ಹರಿದು ಸಮುದ್ರಕ್ಕೆ ಹಾಕಿದೆ ಎಂದು ಫೋನಿನಲ್ಲಿ ಒಂದು ಮಾತು ಹೇಳಿ, ಬೇರೇನೂ ಹೇಳದಿದ್ದರೂ ಪರವಾಗಿಲ್ಲ.